ಪಟಕ್ಕೆ ಕೂತವನು

"ಥೂ, ಸೂಳೆಮಗನೆ! ನಿನ್ನ ಹೆಂಡ್ತೀನ ಯಾವನೋ ಇಟ್ಕೊಂಡಿದಾನಂತೆ, ನೀನು ಬಾಯಿ ಮುಚ್ಕೊಂಡಿದೀಯ. ಗಂಡಸೇನೋ ನೀನು?"

ಬೈಯುತ್ತಿದ್ದವನು ಬೀದಿ ಕುಡುಕನಲ್ಲ, ಪ್ರಚಾರ ಇಲಾಖೆಯ ಸಾಹೇಬ. ಜನರ ಮನಸ್ಸು ಹೇಗೆ ಓಡುತ್ತದೆಂದು ಓದಿ ದೊಡ್ಡ ಪದವಿ ಪಡೆದವನು. ಯುದ್ಧ ಶುರುವಾದ ಮೇಲೆ ಸರ್ಕಾರವೇ ಕರೆದು ಕುರ್ಚಿ ಕೊಟ್ಟಿತ್ತು. ಎದುರಿಗೆ ಸ್ಟೂಲಿನ ಮೇಲೆ, ಕಣ್ಣಿಗೆ ರಾಚುವ ದೀಪದಡಿ ಕೂತಿದ್ದವನು ಆ ಕಚೇರಿಯ ಹಿಂದಿನ ಮೋರಿ ಬಳಿಯುವವನು. ನಿನ್ನ ಪಟ ತೆಗೀಬೇಕು ಬಾರಯ್ಯ ಎಂದಾಗ ಪಾಪ, ನಲ್ಲಿಗೆ ಓಡಿ ಮುಖ ತೊಳೆದುಕೊಂಡು ಬಂದಿದ್ದ. ಸಾಹೇಬ ಮತ್ತೆ ಕೆಸರು ಬಳಿಸಿದ್ದ.

"ಎಷ್ಟು ಬೈದ್ರೂ ಹಲ್ಲು ಕಿರೀತಾನೆ ಸರ್," ಎಂದ ಫೋಟೋದವನು.

ಹಲ್ಲು ಕಿರಿಯದೆ ಇನ್ನೇನು ಮಾಡಿಯಾನು? ದೊಡ್ಡವರು ಬೈದಾಗ ನಗುವುದನ್ನು ಹುಟ್ಟಿದಾಗಿನಿಂದ ಕಲಿತಿದ್ದ.

"ಮಕ್ಕಳಿದಾರೇನೋ?"

"ಒಬ್ಳು ಮಗಳು ಸ್ವಾಮಿ. ಇಸ್ಕೂಲಿಗೆ ಹೋಗ್ತಾಳೆ."

ಸಾಹೇಬ ಆ ಮಗಳ ಬಗ್ಗೆ ಒಂದು ಮಾತಾಡಿದ. ಸ್ಟೂಲು ದಢಾರನೆ ಬಿತ್ತು. ಮೋರಿಯವನು ಹಲ್ಲು ಕಚ್ಚಿ ಮುಷ್ಟಿ ಎತ್ತಿದ್ದ. ಕ್ಯಾಮೆರಾದ ದೀಪ ಫಳಕ್ಕೆಂದಿತು.

"ಸಿಕ್ತು! ಬೇಜಾರು ಮಾಡ್ಕೋಬೇಡಪ್ಪ, ಎಲ್ಲಾ ದೇಶಕ್ಕಾಗಿ," ಎಂದ ಸಾಹೇಬ.

ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ಇನ್ನೊಂದು ಕೈ ಸೇರಿಸಿ ಮುಗಿದುಬಿಟ್ಟ. "ಆಗ್ಲಿ ಸ್ವಾಮಿ."

"ಶತ್ರುವಿನ ಮುಖ ಬೇಕಂದ್ರೆ ಆ ಕಡೆಯ ಸೆರೆಯಾಳುಗಳೇ ಬೇಕಾದಷ್ಟಿದಾರಲ್ಲ ಸರ್, ಅವರದೇ ಪಟ ಹಾಕಬಹುದಿತ್ತು," ಎಂದ ಫೋಟೋದವನು.

"ಅವರು ನೋಡೋಕೆ ನನ್ನ ಭಾವಮೈದುನನ ಥರ ಇದಾರೆ ಕಣಯ್ಯ. ಜನಕ್ಕೆ ಹೊಸದಾಗಿ ದ್ವೇಷ ಕಲಿಸೋಕೆ ವರ್ಷಗಟ್ಟಲೆ ಬೇಕು. ದಿನಾ ಮೂಗು ಮುಚ್ಕೊಂಡು ನೋಡೋ ಮುಖಾನೇ ತೋರಿಸು, ಕಲಿಸೋದೇ ಬೇಡ."

ಮೋರಿಯವನು ಅಲ್ಲೇ ನಿಂತು ಕೇಳಿಸಿಕೊಂಡ. ಅರ್ಥವಾಗದವನಂತೆ ಮನೆಗೆ ಹೋದ. ಬೈಗುಳ ನುಂಗಿಕೊಂಡು, ಪಟ ತೆಗೆಸಿಕೊಂಡದ್ದನ್ನಷ್ಟೇ ಹೇಳಿದ.

"ಮಂತ್ರಿಗಳ ಪಕ್ಕದಲ್ಲಿ ಹಾಕ್ತಾರೇನೋ ಕಣೆ."

"ಹೂಂ, ಮಂತ್ರಿಗಳ ಮನೆ ಮೋರಿ ಕಟ್ಕೊಂಡಿರಬೇಕು," ಎಂದು ಹೆಂಡತಿ ನಕ್ಕಳು. ಮಗಳೂ ನಕ್ಕಳು.

ವಾರ ಕಳೆಯುವಷ್ಟರಲ್ಲಿ ಊರ ಗೋಡೆಗಳ ಮೇಲೆಲ್ಲ ಅವನೇ ಇದ್ದ. ಬಾಗಿಲಗಲ ಮುಖ, ತಲೆಗೆ ಆ ಕಡೆಯ ಸೈನಿಕರ ಟೋಪಿ, ಎತ್ತಿದ ಕೈಗೆ ರಕ್ತ ಸೋರುವ ಕತ್ತಿ. ಕೆಳಗೆ ಬರೆದಿತ್ತು: ಇವನು ನಿಮ್ಮ ಮನೆಗೆ ಬರುತ್ತಾನೆ.

ಮಾರುಕಟ್ಟೆಯಲ್ಲಿ ಹೋಗಿಬರುವವರೆಲ್ಲ ಪಟಕ್ಕೆ ಉಗಿಯುತ್ತಿದ್ದರು. ನಾತಕ್ಕೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಲ್ಲಿನ ಮೋರಿ ಬಳಿಯಲು ಬಂದವನು ದಂಗಾಗಿ ನಿಂತ.

"ಏನೋ, ಗರ ಬಡಿದವನ ಥರ ನಿಂತಿದೀಯ? ಆ ಕಡೆಯವನೇನೋ ನೀನು?" ಎಂದ ಉಗಿದು ಹೊರಟಿದ್ದವನೊಬ್ಬ.

ನಾಲ್ಕಾರು ಜನ ತಿರುಗಿದರು. ಅವನು ತಲೆ ತಗ್ಗಿಸಿ, ಬಟ್ಟೆಯನ್ನು ಒಂದಿಷ್ಟೇ ಸರಿಸಿ ಉಗಿದ. ಅದು ಪಟದ ಕೆನ್ನೆಯ ಮೇಲೆ ಇಳಿಯಿತು. ಅವನು ತನ್ನ ಕೆನ್ನೆ ಒರೆಸಿಕೊಂಡ. ಆವತ್ತಿನಿಂದ ಕೆಲಸವಿಲ್ಲದಾಗಲೂ ಆ ಬಟ್ಟೆ ಬಿಚ್ಚಲಿಲ್ಲ. ಮನೆಯಲ್ಲಿ ಗೋಡೆಯ ಕಡೆ ತಿರುಗಿ ಉಂಡ. ಹೆಂಡತಿ ಏನೂ ಕೇಳಲಿಲ್ಲ. ಅವಳು ಕೇಳದಿದ್ದದ್ದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

ಮಗಳ ಶಾಲೆಯ ಗೋಡೆ ಪಕ್ಕದ ಮೋರಿ ಕಟ್ಟಿಕೊಂಡ ದಿನ ಅವನನ್ನು ಅಲ್ಲಿಗೆ ಕಳಿಸಿದರು. ಅಂಗಳದಲ್ಲಿ ಪಟ ನಿಲ್ಲಿಸಿದ್ದರು. ಮಕ್ಕಳು ಸಾಲಾಗಿ ಬಂದು ಉಗಿದು ಹೋಗುತ್ತಿದ್ದವು. ಸಾಹೇಬ ನೋಡಲು ಬಂದಿದ್ದ.

"ಮೊದಲು ಬಾಯಿ ಉಗೀಲಿ ಮೇಷ್ಟ್ರೇ. ಮನಸ್ಸು ತಾನಾಗೇ ಹಿಂದೆ ಬರುತ್ತೆ. ಸಂಜೆ ಮನೆಗೆ ಹೋಗಿ, ಅಣ್ಣಾ ನೀನ್ಯಾಕೆ ಇನ್ನೂ ಸೈನ್ಯಕ್ಕೆ ಸೇರಿಲ್ಲ ಅಂತ ಇವೇ ಕೇಳ್ತಾವೆ."

ಮಗಳ ಸರದಿ ಬಂತು. ಅವಳು ತುಟಿ ಬಿಗಿದು ನಿಂತಳು.

"ಉಗಿಯೇ!" ಮೇಷ್ಟ್ರು ಕಿವಿ ಹಿಂಡಿದರು. "ಏನೇ, ನೀನೇನು ಇವನಿಗೆ ಹುಟ್ಟಿದವಳೇನೇ?"

ಮಕ್ಕಳು ಗೊಳ್ಳೆಂದು ನಕ್ಕವು. ನೋವಿಗೆ ಹೊರಳಿದ ಮಗಳ ಕಣ್ಣು ಮೋರಿಯಲ್ಲಿದ್ದ ಅಪ್ಪನ ಮೇಲೆ ಬಿತ್ತು. ತಕ್ಷಣ ಮುಖ ತಿರುಗಿಸಿಕೊಂಡಳು. ಅವಳಿಗೆ ಗೊತ್ತಿತ್ತು. ಬಾಯಿಬಿಟ್ಟರೆ ಈ ಊರು ಅಪ್ಪನನ್ನು ಏನು ಮಾಡೀತೆಂಬುದೂ ಗೊತ್ತಿತ್ತು. ಕಿವಿ ಕೆಂಪಗಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು, ತುಟಿ ಮಾತ್ರ ಬಿಚ್ಚಲಿಲ್ಲ. ಮಾರುಕಟ್ಟೆಯಲ್ಲಿ ಯಾರೂ ಕಿವಿ ಹಿಂಡದೆಯೇ ತಾನು ಉಗಿದದ್ದನ್ನು ನೆನೆದು ಅವನಿಗೆ ತಾನು ನಿಂತ ಕೊಚ್ಚೆಯಲ್ಲೇ ಹೂತುಹೋಗಬಾರದೇ ಎನ್ನಿಸಿತು.

ಮೋರಿಯಿಂದ ಮೇಲೆ ಬಂದ. ಅಂಗಳದುದ್ದಕ್ಕೂ ಕಪ್ಪು ಹೆಜ್ಜೆ ಮೂಡಿಸುತ್ತ ನಡೆದು ಮಗಳ ಕಿವಿಯಿಂದ ಮೇಷ್ಟ್ರ ಕೈ ಬಿಡಿಸಿದ. ಪಟಕ್ಕೆ ಬೆನ್ನು ಕೊಟ್ಟು ನಿಂತು ಮುಖದ ಬಟ್ಟೆ ಬಿಚ್ಚಿದ.

"ಹೌದು ಮೇಷ್ಟ್ರೇ, ಇವನಿಗೇ ಹುಟ್ಟಿದವಳು. ಆ ಕಾಗದಕ್ಯಾಕೆ ಉಗಿಸ್ತೀರಿ? ಇಲ್ಲಿಗೇ ಉಗಿಸಿ."

ಕೆಸರು ತಾಗೀತೆಂದು ಸಾಹೇಬ ಹೆಜ್ಜೆ ಹಿಂದಿಟ್ಟ. ಸಾಲಿನಲ್ಲಿ ಮುಂದಿದ್ದ ಪುಟ್ಟ ಹುಡುಗಿ ಬಾಯಿ ತುಂಬ ಉಗುಳು ತುಂಬಿಕೊಂಡು, ಒಮ್ಮೆ ಪಟವನ್ನು, ಒಮ್ಮೆ ಅವನನ್ನು ನೋಡುತ್ತ ನಿಂತಿದ್ದಳು.