ಮೊದಲೇ ಉತ್ತರಿಸಲಾಗಿದೆ

ನಮ್ಮ ಆಫೀಸಿನ ಪಂಡಿತರಿಗೆ ಸಂಬಳ ಕೊಡುವುದು ರಕ್ತಪರೀಕ್ಷೆ ಲ್ಯಾಬಿನ ಪ್ರೋಗ್ರಾಂ ಬರೆಯಲಿ ಎಂದು. ಪಕ್ಕದ ಮೇಜಿನ ನಾನು ಅದನ್ನು ಪರೀಕ್ಷಿಸುವವಳು. ಅವರು ಬರೆಯುವುದು ಮಾತ್ರ ಇಂಟರ್ನೆಟ್ಟಿನ ಒಂದು ಪ್ರಶ್ನೋತ್ತರ ತಾಣದಲ್ಲಿ ಕಂಡಕಂಡವರ ಪ್ರಶ್ನೆಗಳಿಗೆ ಉತ್ತರ. ಉತ್ತರ ಎಂದೆನೇ? ತಪ್ಪಾಯಿತು, ಬೈಗುಳ. ಆ ತಾಣದಲ್ಲಿ ಉತ್ತರ ಬರೆದು ಬರೆದು ಅಂಕ ಹೆಚ್ಚಾದವರಿಗೆ, ಇನ್ನೊಬ್ಬರ ಪ್ರಶ್ನೆಗೆ ಯಾರೂ ಉತ್ತರ ಬರೆಯದಂತೆ ಅದನ್ನು ಮುಚ್ಚಿ ಬೀಗ ಹಾಕುವ ಅಧಿಕಾರವಿದೆ. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು.

ಒಮ್ಮೆ ಯಾರೋ ಹೊಸಬಳು ಕೇಳಿದ್ದಳು: ಇಬ್ಬರು ಒಂದೇ ಕ್ಷಣದಲ್ಲಿ ಸೇವ್ ಮಾಡಿದರೆ ಒಬ್ಬರ ಮಾಹಿತಿ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ, ಏನು ಮಾಡಲಿ? ಒಂದು ಸರ್ವರ್ ಇದ್ದಾಗ ಸರಿಯಿತ್ತು, ಎರಡಾದ ಮೇಲೆ ಹೀಗೆ. ಪಂಡಿತರು ತಮ್ಮದೇ ಹಳೆಯ ಉತ್ತರದ ಲಿಂಕ್ ಅಂಟಿಸಿ, ‘ಮೊದಲೇ ಉತ್ತರಿಸಲಾಗಿದೆ. ಹುಡುಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ’ ಎಂದು ಬರೆದು ಪ್ರಶ್ನೆಯನ್ನು ಮುಚ್ಚಿದರು.

“ಸಾರ್, ನಿಮ್ಮ ಉತ್ತರ ಒಂದೇ ಸರ್ವರ್ ಇದ್ರೆ ಮಾತ್ರ ನಡೆಯೋದು. ಅವಳ ಕೊನೇ ಸಾಲು ಓದಿದ್ರಾ?” ಎಂದೆ.

“ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಸಾಕಮ್ಮ.”

ಹೋದ ತಿಂಗಳು ನಮ್ಮ ಲ್ಯಾಬಿನವರೂ ಎರಡನೆಯ ಸರ್ವರ್ ಹಾಕಿಸಿದರು. ಮರುದಿನವೇ ಒಬ್ಬ ಅಜ್ಜನ ಕೈಗೆ ಗರ್ಭಿಣಿ ಎಂಬ ವರದಿ ಬಂತು. ಅಜ್ಜಿ ಬಿದ್ದು ಬಿದ್ದು ನಕ್ಕಳಂತೆ, ಲ್ಯಾಬಿನವರು ನಗಲಿಲ್ಲ.

“ಸಂಜೆಯೊಳಗೆ ಸರಿ ಮಾಡಿ. ಇಲ್ಲಾಂದ್ರೆ ಲ್ಯಾಬಿನವರು ಬಿಟ್ಟು ಹೋಗ್ತಾರೆ, ಅವರ ಹಿಂದೆ ನೀವೂ ಹೋಗ್ತೀರಿ,” ಎಂದರು ಮ್ಯಾನೇಜರ್ ಮೇಡಂ.

ಪಂಡಿತರು ಇಂಟರ್ನೆಟ್ಟನ್ನೆಲ್ಲ ಜಾಲಾಡಿದರು. ಸಿಕ್ಕಿದ್ದು ಒಂದೇ ಪುಟ, ಆ ಹೊಸಬಳದು. ಮೇಲೆ ಇವರೇ ಜಡಿದ ಬೀಗ. ಕೆಳಗೆ ಟಿಪ್ಪಣಿಯ ಜಾಗದಲ್ಲಿ ಅವಳ ಒಂದು ಮಾತು: ‘ದಾರಿ ನಾನೇ ಕಂಡುಕೊಂಡೆ. ಪ್ರಶ್ನೆ ಮುಚ್ಚಿರುವುದರಿಂದ ಉತ್ತರ ಬರೆಯಲಾಗುತ್ತಿಲ್ಲ.’

“ಬೀಗ ತೆಗೆದು ಅವಳನ್ನೇ ಕೇಳಿ ಸಾರ್.”

“ನಾನು ಮಾಡಿದ್ದು ತಪ್ಪು ಅಂತ ಊರಿಗೆಲ್ಲ ಡಂಗುರ ಹೊಡೀಲಾ?”

ಮಾನ ಉಳಿಸಿಕೊಳ್ಳಲು ಸುಳ್ಳು ಹೆಸರಿನಲ್ಲಿ ಅದೇ ಪ್ರಶ್ನೆಯನ್ನು ಹೊಸದಾಗಿ ಕೇಳಿದರು. ಕಪ್ಪಿನಲ್ಲಿದ್ದ ಚಹಾ ಆರುವ ಮೊದಲೇ ಅವರ ಅಭಿಮಾನಿಯೊಬ್ಬ ಬಂದು ಮುಚ್ಚಿದ: ‘ಮೊದಲೇ ಉತ್ತರಿಸಲಾಗಿದೆ. ಹುಡುಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ.’ ಲಿಂಕ್ ಪಂಡಿತರ ಉತ್ತರಕ್ಕೇ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

ಸಂಜೆ ಮೇಡಂ ಬಂದು ನಿಂತರು. “ಏನಾಯ್ತು?”

ಪಂಡಿತರು ಕನ್ನಡಕ ಒರೆಸಿಕೊಂಡರು. ಆಗಲೂ ತಮ್ಮ ಹೆಸರಿನಲ್ಲಿ ಒಂದು ಗುಂಡಿ ಒತ್ತಿದ್ದರೆ ಅವಳ ಪ್ರಶ್ನೆ ತೆರೆದುಕೊಳ್ಳುತ್ತಿತ್ತು.

“ಲ್ಯಾಬಿನವರು ಸಮಸ್ಯೇನೇ ಸರಿಯಾಗಿ ಹೇಳಿಲ್ಲ ಮೇಡಂ,” ಎಂದರು.

ಈಗ ಆ ಕುರ್ಚಿ ಖಾಲಿಯಿದೆ. ತಾಣದಲ್ಲಿ ಅವರ ಅಂಕ ಮಾತ್ರ ಏರುತ್ತಲೇ ಇದೆ. ಏರದೆ ಏನು, ಈಗ ಇಡೀ ದಿನ ಬಿಡುವು.