ಬೀಗಿತ್ತಿಯರ ಕೋಣೆ

ಲ್ಯೂಬೆನ್ ಒಂದು ಲೋಟ ಕಾಫಿ ಕೂಡ ಕುಡಿಯದೆ ಹೊರಟುಬಿಟ್ಟ. ತಾಯಿಯನ್ನೂ ಆಕೆಯ ಚೀಲಗಳನ್ನೂ ಲಿಫ್ಟಿನಿಂದ ಇಳಿಸಿ, ಅಕ್ಕನ ಕೆನ್ನೆಗೊಂದು ಮುತ್ತಿಟ್ಟು, "ಕಾರು ಅಡ್ಡ ನಿಲ್ಸಿದೀನಿ ಅಕ್ಕಾ, ಬೈತಾರೆ," ಅಂದವನು ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವ ಮೊದಲೇ ಮತ್ತೆ ಅದರೊಳಗೆ ನುಗ್ಗಿದ್ದ. ಅಕ್ಕನ ಊರಾದ ರುಸೆಯಿಂದ ವಾರ್ನಾದ ತನ್ನ ಮನೆಯವರೆಗಿನ ದಾರಿಯನ್ನು ಅವನು ಸಿಳ್ಳೆ ಹಾಕಿಕೊಂಡೇ ಓಡಿಸಿರಬೇಕು ಎಂದು ಅಕ್ಕ ಇಸ್ಕ್ರಾಗೆ ಆಮೇಲೆ ಎಷ್ಟೋ ಸಲ ಅನ್ನಿಸಿದ್ದುಂಟು.

ತಾಯಿ ದೊನ್ಕಾ ಹೊಸ್ತಿಲಲ್ಲೇ ನಿಂತು ಒಳಗೆ ಕಣ್ಣು ಹಾಯಿಸಿದಳು. "ಇಷ್ಟೇನಾ ಮನೆ?" ಅಂದಳು.

ದೊನ್ಕಾಗೆ ಎಂಬತ್ತು ಹತ್ತಿರ ಹತ್ತಿರ. ಮೊದಲ ಗಂಡ ತೀರಿಕೊಂಡ ಮೇಲೆ ತನ್ನ ಫ್ಲಾಟು ಮಾರಿ, ಬಂದದ್ದನ್ನೆಲ್ಲ ಮಗನ ಕೈಗಿಟ್ಟು, ಸ್ವಿಷ್ಟೊವ್‌ನ ಒಬ್ಬ ವಿಧುರನನ್ನು ಮದುವೆಯಾಗಿ ಅವನ ಮನೆ ಸೇರಿಕೊಂಡಿದ್ದಳು. ಅವನೂ ಸತ್ತ. ಅವನ ಮಕ್ಕಳು ನಲವತ್ತನೇ ದಿನದ ಕಾರ್ಯ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿದ್ದು, ಮಾರನೇ ದಿನ ಬೀಗ ಬದಲಾಯಿಸಿದರು. ಒಂದು ಬೇಸಿಗೆ ಲ್ಯೂಬೆನ್ ಇಟ್ಟುಕೊಂಡ. ಅವನ ಹೆಂಡತಿ ತವರಿಗೆ ಹೋಗಿ ಕೂತಳು. ಆಮೇಲೆ ದುಡ್ಡು ಕೊಟ್ಟು ಒಂದು ವೃದ್ಧಾಶ್ರಮಕ್ಕೆ ಸೇರಿಸಿದರು. ಅಲ್ಲಿ ಪಕ್ಕದ ಮಂಚದವಳನ್ನು ಕಳ್ಳಿ ಎಂದು ಸಾರಿ, ಅಡುಗೆಯವಳ ಮೇಲೆ ಸೂಪು ಎರಚಿ, ತಿಂಗಳೊಳಗೆ ವಾಪಸ್ಸಾದಳು. "ಕರ್ಕೊಂಡು ಹೋಗಿಬಿಡಿ ಸ್ವಾಮಿ, ನಮ್ಮ ಕೆಲಸದವರು ಬಿಟ್ಟು ಹೋಗ್ತಾ ಇದ್ದಾರೆ," ಎಂದು ಆಶ್ರಮದವರು ಕೈಮುಗಿದರಂತೆ. ಉಳಿದವಳು ಇಸ್ಕ್ರಾ ಒಬ್ಬಳೇ.

ಇಸ್ಕ್ರಾ ಹೆಣಿಗೆ ಬಟ್ಟೆಯ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು. ಗಂಡ ಪ್ಲಾಮೆನ್ ಊರಿನ ಟ್ರಾಲಿ ಬಸ್ಸಿನ ಡ್ರೈವರು. ಆರನೇ ಮಹಡಿಯ ಆ ಮನೆಯಲ್ಲಿ ಎರಡೇ ಕೋಣೆ, ಒಂದು ಅಡುಗೆಮನೆ, ಗಾಜು ಹಾಕಿಸಿದ ಒಂದು ಬಾಲ್ಕನಿ. ಸಣ್ಣ ಕೋಣೆ ಪ್ಲಾಮೆನ್‌ನ ತಾಯಿ ರಾಯ್ನಾಳದು. ಮಗನಿಗೆ ಈ ಫ್ಲಾಟು ಕೊಡಿಸಬೇಕೆಂದು ಹಳ್ಳಿಯ ಮನೆ, ದ್ರಾಕ್ಷಿ ತೋಟ ಎಲ್ಲ ಮಾರಿ ಬಂದವಳು ಆಕೆ. ಆ ಮಾತನ್ನು ರಾಯ್ನಾ ಒಂದು ದಿನವೂ ಎತ್ತಿದವಳಲ್ಲ.

ಇಸ್ಕ್ರಾಳ ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿದಾಗ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದವಳು, ಆಕೆಯ ಬಟ್ಟೆ ಒಗೆದವಳು, ಹಾಲು ಕಟ್ಟಿಕೊಂಡು ನೋಯುತ್ತಿದ್ದ ಎದೆಗೆ ಎಲೆಕೋಸಿನ ಎಲೆ ಇಟ್ಟು ಕಟ್ಟಿದವಳು ರಾಯ್ನಾ. ಹೆತ್ತ ತಾಯಿ ವಾರ ಕಳೆದು ಬಂದು, ಕೋಟು ಕೂಡ ಬಿಚ್ಚದೆ, "ಮೊದಲಿಂದಲೂ ನಿನ್ನ ಕೈಲಿ ಯಾವುದೂ ನೆಟ್ಟಗಾಗಲಿಲ್ಲ ಬಿಡು," ಅಂದು ಹೋಗಿದ್ದಳು. ಆಮೇಲೆ ಮಕ್ಕಳಾಗಲಿಲ್ಲ.

ಹೀಗಿದ್ದೂ ಇಸ್ಕ್ರಾ ತಾಯಿಯನ್ನು ಯಾಕೆ ಕರೆತಂದಳು? ಕೇಳಿದವರಿಗೆಲ್ಲ, "ಹೆತ್ತವಳಲ್ವಾ, ಬೀದೀಲಿ ಬಿಡೋಕಾಗುತ್ತಾ," ಅನ್ನುತ್ತಿದ್ದಳು. ಅದು ಸುಳ್ಳೇನಲ್ಲ. ಆದರೆ ಒಳಗೆ ಇನ್ನೊಂದಿತ್ತು. ಐವತ್ತು ದಾಟಿದ ಆ ಹೆಂಗಸಿಗೆ ತಾಯಿಯ ಬಾಯಿಂದ ಒಂದೇ ಒಂದು ಸಲ, ಲ್ಯೂಬೆನ್‌ಗಿಂತ ನೀನೇ ವಾಸಿ ಕಣೇ, ಎಂದು ಕೇಳಿಸಿಕೊಳ್ಳಬೇಕಿತ್ತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ರಾಯ್ನಾ ತನ್ನ ಕೋಣೆಯ ಕಪಾಟು ಅರ್ಧ ಖಾಲಿ ಮಾಡಿ, ಕಿಟಕಿಯ ಪಕ್ಕದ ಮಂಚವನ್ನು ಬಿಟ್ಟುಕೊಟ್ಟು, ತಾನು ಗೋಡೆಯ ಬದಿಗೆ ಹೋದಳು. "ಬನ್ನಿ ಬೀಗಿತ್ತಿ, ಒಬ್ಬಳೇ ಇದ್ದು ಬೇಜಾರಾಗಿತ್ತು. ಮಾತಿಗೊಬ್ರು ಸಿಕ್ಕಿದ್ರಿ," ಅಂದಳು.

"ನಂಗೆ ಮಾತು ಬೇಡ. ಗೊರಕೆ ಹೊಡೀತೀರೇನು?" ಅಂದಳು ದೊನ್ಕಾ.

ಮೊದಮೊದಲು ಎಲ್ಲರೂ ನಕ್ಕರು. ಪ್ಲಾಮೆನ್ ಕೆಲಸದಿಂದ ಬಂದವನು ಶೂ ಬಿಚ್ಚುತ್ತಾ, "ಇವತ್ತಿನ ಯುದ್ಧದ ಸುದ್ದಿ ಏನಮ್ಮಾ?" ಎಂದು ತಾಯಿಯನ್ನು ಕೇಳುತ್ತಿದ್ದ. ರಾಯ್ನಾ ಬೆರಳು ಬಾಯಿಯ ಮೇಲಿಟ್ಟು ನಗುತ್ತಿದ್ದಳು. ಆದರೆ ದೊನ್ಕಾ ತಮಾಷೆಗೆ ಮಾಡುತ್ತಿರಲಿಲ್ಲ. ಕಿಟಕಿ ತೆರೆದರೆ ಮುಚ್ಚುವಳು, ಮುಚ್ಚಿದರೆ ತೆರೆಯುವಳು. ರಾಯ್ನಾ ಪ್ರಾರ್ಥನೆಗೆ ನಿಂತರೆ ರೇಡಿಯೋ ಜೋರು ಮಾಡುವಳು. ಸೆಪ್ಟೆಂಬರಿನಲ್ಲಿ ರಾಯ್ನಾ ಪ್ರತಿ ವರ್ಷದಂತೆ ಬಾಲ್ಕನಿಯಲ್ಲಿ ಕೂತು ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಚಳಿಗಾಲಕ್ಕೆಂದು ಬಾಟಲಿಗಳಿಗೆ ತುಂಬಿದಳು. ದೊನ್ಕಾ ಬಾಗಿಲಿಗೆ ಒರಗಿ ನೋಡುತ್ತಿದ್ದು, "ಆ ಕೈಯಲ್ಲಿ ಮುಟ್ಟಿದ್ದನ್ನ ನಾನು ತಿನ್ನಲ್ಲಪ್ಪ," ಅಂದಳು. ಆಮೇಲೆ ಹೆಚ್ಚು ತಿಂದವಳೂ ಅವಳೇ.

"ಅಮ್ಮಾ, ಸ್ವಲ್ಪ ನಾಲಿಗೆ ಹಿಡಿ. ಈ ಮನೆ ಅವರ ದುಡ್ಡಲ್ಲಿ ಬಂದಿರೋದು," ಎಂದು ಇಸ್ಕ್ರಾ ಒಮ್ಮೆ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು.

"ಅಂದ್ರೆ ನಾನು ಭಿಕ್ಷೆಗೆ ಬಂದಿದೀನಿ ಅಂತ ತಾನೇ? ಹೇಳ್ಬಿಡು. ಈಗ್ಲೇ ಡ್ಯಾನ್ಯೂಬ್ ನದಿಗೆ ಹೋಗಿ ಬೀಳ್ತೀನಿ." ದೊನ್ಕಾ ಎದ್ದು ಕೋಟು ಹಾಕಿಕೊಂಡಳು. ಇಸ್ಕ್ರಾ ಕೈ ಕಾಲು ಹಿಡಿದು ಕೂರಿಸಿದಳು. ಹೀಗೆ ಕೋಟು ಹಾಕಿಕೊಳ್ಳುವುದು ಆಮೇಲೆ ಅಭ್ಯಾಸವಾಯಿತು.

ಚಳಿ ಶುರುವಾದಾಗ ರಾಯ್ನಾಗೆ ಒಂದು ತೊಂದರೆ ಬಂತು. ವಯಸ್ಸು, ಚಳಿ ಎರಡೂ ಸೇರಿ ನಿದ್ದೆಯಲ್ಲಿ ಅವಳಿಗೆ ಮೂತ್ರದ ಹತೋಟಿ ತಪ್ಪುತ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಬೆಡ್‌ಶೀಟು ಒಗೆದು, ಹೀಟರಿನ ಹಿಂದೆ ಒಣಗಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಇದು ಗೊತ್ತಿದ್ದದ್ದು ದೊನ್ಕಾ ಒಬ್ಬಳಿಗೇ. ಎಷ್ಟು ದಿನ ಅದನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದಳೋ ಏನೋ.

ಒಂದು ಭಾನುವಾರ ರಾಯ್ನಾ ಚರ್ಚಿಗೆ ಹೋಗಿದ್ದಳು. ಆ ದಿನ ಬೆಡ್‌ಶೀಟು ಒಗೆಯಲು ಹೊತ್ತು ಸಾಲದೆ ಮಡಚಿ ಮಂಚದ ಕೆಳಗೆ ತಳ್ಳಿ ಹೋಗಿದ್ದಳು. ಸಂತೆಯಿಂದ ಬರುತ್ತಿದ್ದ ಇಸ್ಕ್ರಾ ಕೆಳಗಿನ ರಸ್ತೆಯಿಂದಲೇ ಕತ್ತೆತ್ತಿ ನೋಡಿದಳು. ತಮ್ಮ ಬಾಲ್ಕನಿಯ ಹೊರಗಿನ ತಂತಿಯ ಮೇಲೆ ಬಿಳಿ ಬೆಡ್‌ಶೀಟು ಅಗಲವಾಗಿ ಹರಡಿತ್ತು. ನಡುವೆ ಹಳದಿ ಕಲೆ. ಕೆಳಗೆ ಬೆಂಚಿನಲ್ಲಿ ಕೂತಿದ್ದ ಹೆಂಗಸರು ಮೇಲೆ ನೋಡಿ ಏನೋ ಮಾತಾಡಿಕೊಳ್ಳುತ್ತಿದ್ದರು. ಅವರ ಮುಂದಿನಿಂದಲೇ, ಕೈಯಲ್ಲಿ ಚರ್ಚಿನ ಮೇಣದಬತ್ತಿ ಹಿಡಿದು, ರಾಯ್ನಾ ಬರುತ್ತಿದ್ದಳು. ಅವಳೂ ಕತ್ತೆತ್ತಿದಳು.

ಅತ್ತೆ ಸೊಸೆ ಇಬ್ಬರೂ ಲಿಫ್ಟಿನಲ್ಲಿ ಮೇಲೆ ಹೋದರು. ಇಸ್ಕ್ರಾ ಓಡಿಹೋಗಿ ಬೆಡ್‌ಶೀಟು ಎಳೆದುಕೊಂಡಳು. ದೊನ್ಕಾ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, "ಗಾಳಿಗೆ ಹಾಕ್ದೆ. ಕೋಣೇಲಿ ಕುದುರೆ ಲಾಯದ ವಾಸನೆ," ಅಂದಳು.

ಇಸ್ಕ್ರಾ ಸಿಟ್ಟಿನಿಂದ ತಾಯಿಯ ಎದುರು ಬಂದು ನಿಂತಳು. ಬಾಯಿ ತೆರೆದಳು. ಆದರೆ ತಾಯಿಯ ಕಣ್ಣು ನೋಡುತ್ತಲೇ ಮಾತು ದಿಕ್ಕು ತಪ್ಪಿತು. ಅವಳು ತಿರುಗಿದ್ದು ರಾಯ್ನಾಳ ಕಡೆಗೆ.

"ಅತ್ತೆ, ನೀವಾದ್ರೂ ಹೇಳಬಾರದಿತ್ತಾ? ಚಿಕ್ಕ ಮಗುವಾ ನೀವು? ಔಷಧಿ ಅಂಗಡೀಲಿ ಪ್ಯಾಡು ಸಿಗುತ್ತೆ, ತರ್ತಿದ್ದೆ. ಈಗ ನೋಡಿ, ಬಿಲ್ಡಿಂಗಿಗೆಲ್ಲ ಗೊತ್ತಾಯ್ತು!"

ರಾಯ್ನಾ ತಲೆಯ ಸ್ಕಾರ್ಫು ಬಿಚ್ಚಿ ಮಡಚಿದಳು. "ತಪ್ಪಾಯ್ತು ಕಣಮ್ಮಾ," ಅಂದಳು. ಅಷ್ಟೇ.

ಮಾರನೇ ದಿನ ಅವಳು ಮಗನಿಗೆ, ತನ್ನನ್ನು ಬ್ಯಾಲಾ ಕಡೆಯ ಹಳ್ಳಿಯಲ್ಲಿರುವ ಅಕ್ಕನ ಮಗಳ ಮನೆಗೆ ಬಿಟ್ಟು ಬಾ ಅಂದಳು. ಅಲ್ಲಿ ಅಂಗಳದ ಮೂಲೆಯಲ್ಲಿ ಬೇಸಿಗೆಯ ಅಡುಗೆಗೆಂದು ಕಟ್ಟಿದ ಒಂದು ಕೋಣೆಯಿದೆ, ಸೌದೆ ಒಲೆ ಇದೆ, ಸಾಕು ಅಂದಳು. ಪ್ಲಾಮೆನ್ ಹೆಂಡತಿಯನ್ನು ಮಲಗುವ ಕೋಣೆಗೆ ಕರೆದು ಬಾಗಿಲು ಹಾಕಿದ.

"ಒಬ್ರು ಹೋಗ್ಲೇಬೇಕು, ಇಸ್ಕ್ರಾ. ಯಾರು ಅಂತ ನೀನೇ ಹೇಳು."

"ಚಳಿ ಕಳೀಲಿ. ವಸಂತ ಬರ್ಲಿ. ಈ ಹಿಮದಲ್ಲಿ ಅಮ್ಮನ್ನ ಎಲ್ಲಿಗೆ ಕಳಿಸ್ಲಿ?"

"ನನ್ನ ಅಮ್ಮನಿಗೆ ಹಿಮ ಇಲ್ವಾ?"

ಇಸ್ಕ್ರಾ ಬಾಲ್ಕನಿಗೆ ಹೋಗಿ ತಮ್ಮನಿಗೆ ಫೋನು ಮಾಡಿದಳು.

"ಅಕ್ಕಾ, ನನ್ನ ಹೆಂಡ್ತಿ ಈ ಸಲ ಹೋದ್ರೆ ವಾಪಸ್ ಬರಲ್ಲ," ಅಂದ ಲ್ಯೂಬೆನ್.

"ನನ್ನ ಗಂಡ ಹೋದ್ರೆ?"

"ಛೇ, ಪ್ಲಾಮೆನ್ ಭಾವ ಅಂಥೋರಲ್ಲ. ತುಂಬಾ ಒಳ್ಳೇ ಮನುಷ್ಯ."

ಒಳ್ಳೆಯ ಮನುಷ್ಯ ತಾಯಿಯ ಮಂಚ ಬಿಚ್ಚಿ ಕಾರಿನ ಮೇಲೆ ಕಟ್ಟಿದ. ರಾಯ್ನಾ ಹೊರಡುವಾಗ ದೊನ್ಕಾಳಿಗೂ ಕೈ ಕೊಟ್ಟಳು. ದೊನ್ಕಾ, "ಹುಷಾರು ಬೀಗಿತ್ತಿ, ದಾರೀಲಿ ಕಾರು ಒದ್ದೆ ಮಾಡೀರಿ," ಅಂದಳು. ಪ್ಲಾಮೆನ್‌ನ ಕೈ ಬಾಗಿಲಿನ ಹಿಡಿಯ ಮೇಲೆ ಒಂದು ಕ್ಷಣ ಬಿಳುಚಿಕೊಂಡಿತು. ಅವನು ತಾಯಿಯ ತೋಳು ಹಿಡಿದು ಲಿಫ್ಟಿನ ಕಡೆ ಕರೆದೊಯ್ದ.

ಅವನು ಮೊದಲು ರಜೆಯ ದಿನಗಳಲ್ಲಿ ಹಳ್ಳಿಗೆ ಹೋಗಿ ಬರುತ್ತಿದ್ದ. ಸೌದೆ ಸೀಳಬೇಕು, ಚಿಮಣಿ ಸರಿಮಾಡಬೇಕು. ಕ್ರಿಸ್‌ಮಸ್ಸಿಗೆ ಅಲ್ಲೇ ಉಳಿದ. ಆಮೇಲೆ ಬೆಳಗಿನ ಪಾಳಿ ಕೇಳಿ ಹಾಕಿಸಿಕೊಂಡು ಹಳ್ಳಿಯಿಂದಲೇ ಕೆಲಸಕ್ಕೆ ಬರತೊಡಗಿದ. ಜಗಳವಾಡಲಿಲ್ಲ, ವಿಚ್ಛೇದನ ಎನ್ನಲಿಲ್ಲ. ಒಂದು ದಿನ ಇಸ್ಕ್ರಾ ಬೀರು ತೆಗೆದು ನೋಡಿದರೆ ಅವನ ಸ್ವೆಟರುಗಳಿದ್ದ ಕಡೆ ಖಾಲಿ ಹಲಗೆ. ಊರಿನಲ್ಲಿ ಕೆಲವು ಸಲ ಅವನ ಟ್ರಾಲಿ ಬಸ್ಸೇ ಅವಳ ನಿಲ್ದಾಣಕ್ಕೆ ಬರುತ್ತಿತ್ತು. ಅವಳು ಹಿಂದಿನ ಬಾಗಿಲಿನಿಂದ ಹತ್ತುತ್ತಿದ್ದಳು.

ಹಿಮ ಕರಗಿದ ಮೇಲೆ ಇಸ್ಕ್ರಾ ಅತ್ತೆಯನ್ನು ಕರೆತರಲು ಹೊರಟಳು. ಬಸ್ಸಿಳಿದು ಕೆಸರಿನಲ್ಲಿ ನಡೆದು ಹೋದರೆ, ರಾಯ್ನಾ ಆ ಸಣ್ಣ ಕೋಣೆಯ ಮುಂದೆ ಬಿಸಿಲಿಗೆ ಕೂತು ಒಣ ಬೀನ್ಸು ಕಾಳು ಆರಿಸುತ್ತಿದ್ದಳು. ತುಂಬ ಇಳಿದುಹೋಗಿದ್ದಳು. ಕೆಮ್ಮು ಬೇರೆ. ಇಸ್ಕ್ರಾ ಅವಳ ಕಾಲ ಬಳಿ ಕೂತಳು.

"ಮನೆಗೆ ಬನ್ನಿ ಅತ್ತೆ. ಅಮ್ಮನಿಗೆ ಏನಾದ್ರೂ ದಾರಿ ನೋಡ್ತೀನಿ. ದೊಡ್ಡ ಕೋಣೇನೇ ನಿಮಗೆ ಕೊಡ್ತೀನಿ."

"ನಿನ್ನ ತಾಯಿ ಎಲ್ಲಿರ್ತಾಳೆ?"

"ಅವಳು... ಅವಳು ಸಣ್ಣ ಕೋಣೇಲಿ."

ರಾಯ್ನಾ ಒಂದು ಹುಳುಕು ಬೀಜ ಆರಿಸಿ ಎಸೆದಳು. "ನಿನ್ನ ತಾಯಿ ಮಾಡಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೇ. ಅವಳು ಅಂಥವಳು ಅಂತ ಮೊದಲೇ ಗೊತ್ತಿತ್ತು. ಆದ್ರೆ ಅವತ್ತು ನೀನು ಬೈದಿದ್ದು ನನ್ನನ್ನ."

"ಅತ್ತೆ, ಆ ಸಿಟ್ಟಲ್ಲಿ..."

"ಸಿಟ್ಟು ಅವಳ ಮೇಲಿತ್ತು. ಬೈಗುಳ ನಂಗೆ ಬಿತ್ತು. ನಾನು ತಿರುಗಿಸಿ ಅನ್ನಲ್ಲ ಅಂತ ನಿಂಗೆ ಗೊತ್ತಿತ್ತಲ್ಲ, ಅದಕ್ಕೆ." ರಾಯ್ನಾಳ ದನಿ ಏರಲಿಲ್ಲ. "ಇಷ್ಟು ವರ್ಷ ನಿನ್ನ ನನ್ನ ಮಗಳು ಅಂದ್ಕೊಂಡೇ ಬಂದೆ. ಅವತ್ತು ನೋಡಿದೆ, ನೀನು ಅವಳ ಮಗಳೇ. ಹೋಗು, ಬಸ್ಸು ತಪ್ಪುತ್ತೆ."

ಕೊಟ್ಟಿಗೆಯ ಹತ್ತಿರ ಸೌದೆ ಸೀಳುತ್ತಿದ್ದ ಪ್ಲಾಮೆನ್ ಕೊಡಲಿ ಕೆಳಗಿಡಲೂ ಇಲ್ಲ.

ಅಕ್ಟೋಬರಿನಲ್ಲಿ ರಾಯ್ನಾ ತೀರಿಕೊಂಡಳು. ಇಸ್ಕ್ರಾಗೆ ಹೇಳಿದ್ದು ಬಸ್ ಡಿಪೋದಲ್ಲಿ ಕೆಲಸ ಮಾಡುವ ಪರಿಚಯದವಳೊಬ್ಬಳು. ಹಳ್ಳಿಯ ಸ್ಮಶಾನದಲ್ಲಿ ಅವಳು ನೆಂಟರ ಹಿಂದೆ, ಅಕ್ಕಪಕ್ಕದ ಮನೆಯವರ ಸಾಲಿನಲ್ಲಿ ನಿಂತಳು. ಮುಂದೆ ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ಪ್ಲಾಮೆನ್, ಸತ್ತವರ ಹೆಸರಿನಲ್ಲಿ ಕೊಡುವ, ಸಕ್ಕರೆ ಬೆರೆಸಿ ಬೇಯಿಸಿದ ಗೋಧಿಯ ಪ್ರಸಾದ ಹಂಚುತ್ತಾ ಬಂದ. ಒಬ್ಬೊಬ್ಬರ ಕೈಗೂ ಒಂದು ಕಾಗದದ ಲೋಟ, ಒಂದು ಪ್ಲಾಸ್ಟಿಕ್ ಚಮಚ. ಇಸ್ಕ್ರಾಳ ಮುಂದೆ ನಿಂತು ಅವಳಿಗೂ ಕೊಟ್ಟ.

"ದೇವರು ಅವರನ್ನ ಕ್ಷಮಿಸಲಿ," ಅಂದಳು ಇಸ್ಕ್ರಾ. ಸತ್ತವರಿಗಾಗಿ ಎಲ್ಲರೂ ಅನ್ನುವ ಮಾತು ಅದು.

"ಬಂದಿದ್ದಕ್ಕೆ ಉಪಕಾರವಾಯ್ತು," ಅಂದ ಪ್ಲಾಮೆನ್. ಅದೂ ಎಲ್ಲರಿಗೂ ಹೇಳಿದ ಮಾತೇ. ಆಮೇಲೆ ಪಕ್ಕದವಳ ಕಡೆ ಸರಿದ.

ಇಸ್ಕ್ರಾ ಅದನ್ನು ತಿನ್ನಲಿಲ್ಲ. ಲೋಟವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು.

ದೊನ್ಕಾ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಕೆನ್ನೆ ಕೆಂಪಗೆ, ಆರೋಗ್ಯ ಚೆನ್ನಾಗಿತ್ತು. "ಇಡೀ ದಿನ ಒಬ್ಬಳನ್ನೇ ಬಿಟ್ಟು ಹೋಗಿದ್ದೀಯ. ಲ್ಯೂಬೆನ್ ಆಗಿದ್ರೆ ಹೀಗೆ ಮಾಡ್ತಿರ್ಲಿಲ್ಲ," ಅಂದಳು. ಇಸ್ಕ್ರಾ ಕೋಟು ಬಿಚ್ಚುವುದನ್ನೇ ನೋಡುತ್ತಿದ್ದು, "ಜನ ಬಂದಿದ್ರಾ? ಊಟಕ್ಕೇನು ಹಾಕಿದ್ರು?" ಎಂದು ಕೇಳಿದಳು.

"ಗೊತ್ತಿಲ್ಲ. ಊಟಕ್ಕೆ ನಿಲ್ಲಲಿಲ್ಲ."

"ಏನೂ ತರ್ಲಿಲ್ವಾ ನಂಗೆ?"

ಇಸ್ಕ್ರಾ ಚೀಲದಿಂದ ಲೋಟ ತೆಗೆದು ತಾಯಿಯ ಮುಂದಿಟ್ಟಳು. ದೊನ್ಕಾ ಚಮಚ ತುಂಬ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಸಕ್ಕರೆ ಕಮ್ಮಿ ಹಾಕಿದಾರೆ," ಅಂದಳು.

ಇಸ್ಕ್ರಾ ಸಕ್ಕರೆ ಡಬ್ಬಿಯನ್ನು ತಂದು ಮುಚ್ಚಳ ತೆಗೆದು ಅವಳ ಪಕ್ಕಕ್ಕಿಟ್ಟಳು.