ನಾನಿದ್ದೀನಿ, ಬಿಡು

ಕೊಕ್ಕರೆ ಎಂಬ ಹೆಸರನ್ನು ಅವನಿಗೆ ಇಟ್ಟವರು ಹೆರಿಗೆ ಆಸ್ಪತ್ರೆಯ ಆಯಾಗಳು. ಉದ್ದ ಕೈ, ಉದ್ದ ಕಾಲು, ನಡುವೆ ಮೈ ಎನ್ನುವುದು ಹೆಸರಿಗಷ್ಟೇ. ಅವನ ಅಜ್ಜಿ ಅದೇ ಆಸ್ಪತ್ರೆಯಲ್ಲಿ ಆಯಾ. ಅವನು ಹೆಜ್ಜೆ ಇಡುವ ಮುಂಚೆಯೇ ತಾಯಿ ಜ್ವರದಲ್ಲಿ ತೀರಿಕೊಂಡಿದ್ದಳು. ತಂದೆ ಇನ್ನೊಂದು ಸಂಸಾರ ಕಟ್ಟಿಕೊಂಡು ದೂರವಾಗಿದ್ದ. ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಅಜ್ಜಿ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದಳು. ಹೆರಿಗೆ ಕೋಣೆಗೆ ಅಂಟಿಕೊಂಡಂತೆ ಬಟ್ಟೆ ಮಡಚಿಡುವ ಸಣ್ಣ ಕೋಣೆಯೊಂದಿತ್ತು. ಒಗೆದು ಬಂದ ಹಸಿರು ಹೊದಿಕೆಗಳ ಗುಡ್ಡೆಯ ಮೇಲೆ ಅವನು ಮಲಗಿ, ಎದ್ದು, ಉರುಳಾಡಿ ಬೆಳೆದ.

ಗೋಡೆಯ ಆಚೆಯಿಂದ ಅವನಿಗೆ ಎರಡು ದನಿಗಳು ಕೇಳುತ್ತಿದ್ದವು. ಒಂದು ನೋವು ತಿನ್ನುವ ಹೆಂಗಸರದು, ಅದು ದಿನಕ್ಕೊಂದು. ಇನ್ನೊಂದು ಅಜ್ಜಿಯ ಬೈಗುಳ, ಅದು ಎಂದೂ ಬದಲಾಗದ್ದು. ಅಜ್ಜಿ ಬೈಯುತ್ತಲೇ ಬೆನ್ನು ನೀವುತ್ತಿದ್ದಳು, ಬೈಯುತ್ತಲೇ ಹಣೆಯ ಬೆವರು ಒರೆಸುತ್ತಿದ್ದಳು. ಬಾಯಿ ಕಾರ, ಕೈ ಬೆಣ್ಣೆ. ಮನೆಗೆ ಹೋದ ಬಾಣಂತಿಯರು ಮಗುವಿನ ಕತ್ತು ನಿಲ್ಲುವ ಹೊತ್ತಿಗೆ ಅದನ್ನು ಎತ್ತಿಕೊಂಡು ಬಂದು ಅವಳ ಕೈಗೆ ಕೊಟ್ಟು, ನಿಮ್ಮ ಬೈಗುಳಕ್ಕೆ ಹೆದರಿ ಹೊರಗೆ ಬಂದದ್ದು ಇದೇ ನೋಡಿ ಎಂದು ನಗುತ್ತಿದ್ದರು.

ಕೊಕ್ಕರೆಗೆ ಮಾತು ಬಂದಾಗ ಉಗ್ಗೂ ಜೊತೆಗೇ ಬಂತು. ಪದದ ಮೊದಲ ಅಕ್ಷರ ಗಂಟಲಲ್ಲಿ ಕಾಲೂರಿ ನಿಂತುಬಿಡುತ್ತಿತ್ತು. ತಳ್ಳಿದಷ್ಟೂ ಅದು ಹಟ ಹಿಡಿಯುತ್ತಿತ್ತು. ಶಾಲೆಯಲ್ಲಿ ಹಾಜರಿ ಕರೆದಾಗ ಅವನು ಕೈ ಎತ್ತುತ್ತಿದ್ದ, ಅಂಗಡಿಯಲ್ಲಿ ಬೆರಳು ತೋರಿಸುತ್ತಿದ್ದ. ಆಟದ ಮೈದಾನದಲ್ಲಿ ಗೋಲ್ ಕಾಯಲು ಯಾರೂ ಒಪ್ಪದ ದಿನ ಅವನನ್ನು ಹಿಡಿದು ನಿಲ್ಲಿಸಿದರು. ಅಲ್ಲಿ ತನ್ನನ್ನು ಯಾರೂ ಮಾತಾಡಿಸುವುದಿಲ್ಲ ಎಂಬುದೇ ಅವನಿಗೆ ಹಿಡಿಸಿತು. ಬಂದ ಚೆಂಡನ್ನು ಹಿಡಿದರಾಯಿತು. ಆ ಉದ್ದ ಕೈಗಳೂ ಕೊನೆಗೊಂದು ಕೆಲಸಕ್ಕೆ ಬಂದವು.

ಹಾಗೆ ಹಿಡಿಯುತ್ತ ಹಿಡಿಯುತ್ತ ಶಾಲೆಯ ತಂಡ ದಾಟಿ, ಜಿಲ್ಲೆಯ ತಂಡ ದಾಟಿ, ಹದಿನೇಳು ವರ್ಷದೊಳಗಿನವರ ರಾಷ್ಟ್ರೀಯ ತಂಡಕ್ಕೆ ಬಂದ. ದಕ್ಷಿಣ ಏಷ್ಯಾದ ದೇಶಗಳ ಕಿರಿಯರ ಫುಟ್‌ಬಾಲ್ ಟೂರ್ನಿ ಆ ವರ್ಷ ಅವರ ದೇಶದಲ್ಲೇ ನಡೆಯಲಿತ್ತು. ತಂಡದಲ್ಲಿ ಅವನದು ಎರಡನೆಯ ಗೋಲ್‌ಕೀಪರನ ಜಾಗ. ಕೈ ನೋಡಿದರೆ ಇವನೇ ಮೊದಲನೆಯವನಾಗಬೇಕಿತ್ತು ಎಂದು ಕೋಚ್ ಆಗಾಗ ಹೇಳುತ್ತಿದ್ದರು. ಆದರೆ ಗೋಲ್ ಕಾಯಲು ಕೈ ಮಾತ್ರ ಸಾಲದು. ಅಲ್ಲಿ ನಿಂತವನಿಗೆ ಇಡೀ ಮೈದಾನ ಕಾಣುತ್ತದೆ, ಅವನ ಮುಂದೆ ನಿಂತು ರಕ್ಷಿಸುವವರಿಗೆ ಬೆನ್ನ ಹಿಂದೆ ಯಾರು ನುಸುಳುತ್ತಿದ್ದಾರೆಂದು ಕಾಣುವುದಿಲ್ಲ. ಅವನು ಕೂಗಿ ಹೇಳಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ. ಕೊಕ್ಕರೆಗೆ ಆಗದಿದ್ದದ್ದು ಅದೊಂದೇ.

ಮೊದಲನೆಯ ಗೋಲ್‌ಕೀಪರ್ ಲೀಗ್ ಪಂದ್ಯಗಳನ್ನೆಲ್ಲ ಚೆನ್ನಾಗಿಯೇ ಆಡಿದ. ಕೊನೆಯ ಪಂದ್ಯದಲ್ಲಿ ಕಂಬಕ್ಕೆ ಕೈ ಬಡಿದು ಬೆರಳು ಮುರಿಯಿತು. ತಂಡ ಸೆಮಿಫೈನಲ್ ತಲುಪಿತ್ತು. ಮರುದಿನ ಬೆಳಿಗ್ಗೆ ಅಭ್ಯಾಸದಲ್ಲಿ ಕೋಚ್ ಕೊಕ್ಕರೆಯನ್ನು ಗೋಲಿಗೆ ನಿಲ್ಲಿಸಿದರು. ಪಕ್ಕದಿಂದ ಎತ್ತರಕ್ಕೆ ಚೆಂಡು ಬಂತು. ಅದು ತನ್ನದೆಂದು ಕೊಕ್ಕರೆಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದ. ‘ನ’ ಎಂಬ ಅಕ್ಷರ ಗಂಟಲಲ್ಲೇ ಕೂತಿತು. ರಕ್ಷಣೆಯ ನಡುವೆ ನಿಲ್ಲುತ್ತಿದ್ದ ಕ್ಯಾಪ್ಟನ್ ಅದೇ ಚೆಂಡಿಗೆ ಹಾರಿದ. ಇಬ್ಬರೂ ಗಾಳಿಯಲ್ಲೇ ಡಿಕ್ಕಿ ಹೊಡೆದು ಬಿದ್ದರು. ಕ್ಯಾಪ್ಟನ್ನನ ತುಟಿ ಒಡೆಯಿತು.

ಅವನು ಕೋಪಿಷ್ಠನೇನಲ್ಲ. ಬಾಯಿ ತೊಳೆದುಕೊಂಡು ನೇರ ಕೋಚ್ ಹತ್ತಿರ ಹೋಗಿ ಮೂರನೆಯ ಗೋಲ್‌ಕೀಪರನನ್ನು ಆಡಿಸುವುದು ಒಳ್ಳೆಯದು ಎಂದ. ಅವನು ಕುಳ್ಳ ನಿಜ, ಆದರೆ ಕೂಗುತ್ತಾನಲ್ಲ. ಬೂಟು ಬಿಚ್ಚುತ್ತಿದ್ದ ಕೊಕ್ಕರೆಗೆ ಗೋಡೆಯ ಈ ಬದಿಯಲ್ಲಿ ಎಲ್ಲವೂ ಕೇಳಿಸಿತು. ಸಂಜೆ ಹೇಳುತ್ತೇನೆ ಎಂದರು ಕೋಚ್. ಕೊಕ್ಕರೆಗೆ ಕ್ಯಾಪ್ಟನ್ ಮೇಲೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಎನಿಸಿತು, ಸಂಕಟವಾದದ್ದು ಅದಕ್ಕೇ.

ತಂಡಗಳೆಲ್ಲ ಇಳಿದುಕೊಂಡಿದ್ದ ಹಾಸ್ಟೆಲಿನ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗಗಳಿದ್ದವು. ಎಲ್ಲ ದೇಶಗಳ ಅಂಗಿಗಳೂ ಅಲ್ಲಿ ಒಂದೇ ಗಾಳಿಗೆ ಆಡುತ್ತಿದ್ದವು. ಊಟವಾದ ಮೇಲೆ ಕೊಕ್ಕರೆ ಅಲ್ಲಿಗೆ ಹತ್ತಿ, ಎರಡು ಸಾಲು ಅಂಗಿಗಳ ನಡುವೆ ಕೂತು ಅಜ್ಜಿಗೆ ಫೋನ್ ಮಾಡಿದ. ಅವರ ಫೋನ್ ಮಾತುಕತೆ ಎಂದರೆ ಅಜ್ಜಿ ಮಾತಾಡುವುದು, ಇವನು ಹ್ಞೂಂಗುಟ್ಟುವುದು. ಉಂಡೆಯಾ, ನಿದ್ದೆ ಮಾಡಿದೆಯಾ ಎಂದು ಅವಳು ಶುರುಮಾಡುವಷ್ಟರಲ್ಲಿ ಆ ಕಡೆ ಹೆರಿಗೆ ಕೋಣೆಯಲ್ಲಿ ಯಾರೋ ಕಿರುಚಿಕೊಂಡರು. ಅಜ್ಜಿ ಫೋನನ್ನು ಹಾಗೆಯೇ ಎಲ್ಲೋ ಇಟ್ಟು ಓಡಿದಳು. ಅವನು ಕಟ್ ಮಾಡಲಿಲ್ಲ. ಕಿವಿಗೊಟ್ಟು ಕೂತ.

“ಅಯ್ಯೋ ಮಹಾರಾಯ್ತಿ, ಭೂಮಿ ಮೇಲೆ ನೀನೊಬ್ಬಳೇ ಹೆರ್ತಿರೋ ಹಾಗೆ ಆಡ್ತೀಯಲ್ಲ,” ಎನ್ನುತ್ತಿದ್ದಳು ಅಜ್ಜಿ. “ತಡ್ಕೊಳೇ. ಆತುರ ಪಟ್ಟರೆ ಕೆಟ್ಟೆ. ಕಣ್ಣು ಮುಚ್ಚಬೇಡ, ನನ್ನ ನೋಡು. ಹಾಂ, ಈಗ ಹಾಕು ಶಕ್ತಿ, ತಿಂದಿದ್ದೆಲ್ಲ ಎಲ್ಲಿಟ್ಟಿದ್ದೀಯ. ಸಾಕು, ಸಾಕಮ್ಮ. ನಾನಿದ್ದೀನಿ, ಬಿಡು.”

ಸ್ವಲ್ಪ ಹೊತ್ತಿಗೆ ಮಗುವಿನ ಅಳು ಕೇಳಿಸಿತು. ಫೋನನ್ನು ಎಲ್ಲರೂ ಮರೆತಂತಿತ್ತು. ಕೊಕ್ಕರೆಗೆ ನಗು ಬಂತು, ಮನೆ ನೆನಪಾಗಿ ಕಣ್ಣೂ ತುಂಬಿತು. ಚಿಕ್ಕವನಿದ್ದಾಗ ಅವನು ಅಜ್ಜಿಯ ದನಿ ಹಾಕಿ ಆಯಾಗಳನ್ನು ನಗಿಸುತ್ತಿದ್ದ. ದೊಡ್ಡವನಾದ ಮೇಲೆ ನಾಚಿಕೆಯಾಗಿ ಬಿಟ್ಟಿದ್ದ. ಈಗ ಸುತ್ತ ಒದ್ದೆ ಅಂಗಿಗಳ ಹೊರತು ಯಾರೂ ಇರಲಿಲ್ಲ. ಎದ್ದು ನಿಂತು, ಎದುರಿಗಿದ್ದ ಒಂದು ಕೆಂಪು ಅಂಗಿಗೆ ಕೈ ಬೀಸಿ, ಅಜ್ಜಿ ಬೈದಂತೆಯೇ ಬೈದ. ಮಹಾರಾಯ್ತಿಯಿಂದ ಹಿಡಿದು ನಾನಿದ್ದೀನಿ ಬಿಡು ಎನ್ನುವವರೆಗೆ ಮಾತು ಎಲ್ಲಿಯೂ ಎಡವಲಿಲ್ಲ.

ಕೆಂಪು ಅಂಗಿಯ ಹಿಂದಿನಿಂದ ಕ್ಯಾಪ್ಟನ್ ಹೊರಬಂದ. ಕೈಯಲ್ಲಿ ಒಂದು ಜೊತೆ ಕಾಲುಚೀಲ ಇತ್ತು, ತುಟಿ ಊದಿತ್ತು.

“ಯಾರನ್ನ ಬೈತಿದ್ದೆ?” ಎಂದು ಕೇಳಿದ.

ಕೊಕ್ಕರೆ ಬೆವೆತುಹೋದ. “ಅ… ಅ… ಅಜ್ಜಿ,” ಎನ್ನುವಷ್ಟರಲ್ಲಿ ಉಸಿರು ಮುಗಿಯಿತು. ಉಳಿದದ್ದನ್ನು ಹೇಳಲು ಬಹಳ ಹೊತ್ತೇ ಹಿಡಿಯಿತು. ಕ್ಯಾಪ್ಟನ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಕಾಲುಚೀಲಗಳನ್ನು ಹೆಗಲ ಮೇಲೆ ಹಾಕಿಕೊಂಡು, ಅವನಿಗೆ ಬೆನ್ನು ಮಾಡಿ, ಮೈದಾನದಲ್ಲಿ ನಿಲ್ಲುವ ಹಾಗೆ ಮೊಣಕಾಲು ಬಗ್ಗಿಸಿ ನಿಂತ.

“ನನಗೆ ಬೈ,” ಎಂದ.

ಕೊಕ್ಕರೆ ಒಂದು ಹೆಜ್ಜೆ ಹಿಂದೆ ಸರಿದ.

“ಬೈಯೋ. ನಮ್ಮನೇಲಿ ದಿನಾ ಬೈತಾರೆ, ನನಗೇನು ಹೊಸದಲ್ಲ. ಬಲಗಡೆಯಿಂದ ಒಬ್ಬ ಬರ್ತಿದ್ದಾನೆ ಅನ್ಕೋ. ನಾನು ಅವನ ಮೇಲೆ ಬೀಳಬಾರದು, ಕಾಯಬೇಕು. ನಿಮ್ಮಜ್ಜಿ ಏನಂತಾರೆ?”

ಕೊಕ್ಕರೆ ಒಮ್ಮೆ ಕಣ್ಣು ಮುಚ್ಚಿ ತೆರೆದ. “ತಡ್ಕೊಳೇ,” ಎಂದು ಗದರಿದ. “ಆತುರ ಪಟ್ಟರೆ ಕೆಟ್ಟೆ.”

ಕ್ಯಾಪ್ಟನ್ ಬಿದ್ದು ಬಿದ್ದು ನಕ್ಕ. ತುಟಿಯ ಗಾಯ ಮತ್ತೆ ಬಿರಿದರೂ ನಿಲ್ಲಿಸಲಿಲ್ಲ. ಸಂಜೆಯವರೆಗೆ ಇಬ್ಬರೂ ಆ ಅಂಗಿಗಳ ನಡುವೆ ಓಡಾಡಿದರು. ಎದುರಾಳಿಯ ಮೇಲೆ ನುಗ್ಗಬೇಕಾದರೆ ‘ಹಾಕು ಶಕ್ತಿ’. ಬೆನ್ನ ಹಿಂದೆ ಯಾರಾದರೂ ಇದ್ದರೆ ‘ನನ್ನ ನೋಡು’. ಚೆಂಡು ಗೋಲ್‌ಕೀಪರನದು, ಉಳಿದವರು ಮುಟ್ಟಬಾರದು ಎನ್ನಲು ಒಂದು ಮಾತು ಉಳಿದಿತ್ತು. ಅದನ್ನು ಕೊಕ್ಕರೆ ತಾನೇ ಆರಿಸಿದ: ನಾನಿದ್ದೀನಿ, ಬಿಡು.

ಕ್ಯಾಪ್ಟನ್ ಕೆಳಗಿಳಿದು ಕೋಚ್ ಕೋಣೆಗೆ ಹೋಗಿ ಬೆಳಗಿನ ಮಾತನ್ನು ವಾಪಸು ತೆಗೆದುಕೊಂಡ. ಯಾಕಪ್ಪ ಎಂದು ಅವರು ಕೇಳಿದರೆ, ಅವನಿಗೆ ಬಾಯಿ ಬಂದಿದೆ ಸರ್, ನಾಳೆ ಕೇಳಿಸಿಕೊಳ್ಳಿ ಎಂದಷ್ಟೇ ಹೇಳಿದ.

ಸೆಮಿಫೈನಲ್ ನೆರೆದೇಶದ ತಂಡದ ಮೇಲೆ. ಬಿರುಸಿನ ಆಟಗಾರರು. ಮೊದಲ ಬಾರಿ ಅವರ ಚೆಂಡು ಗೋಲಿನ ಬಳಿ ಬಂದಾಗ ಹಿಂದಿನಿಂದ ಮುದುಕಿಯೊಬ್ಬಳು ಗದರಿದಂತೆ ದನಿ ಕೇಳಿ ರಕ್ಷಣೆಯವರೇ ಬೆಚ್ಚಿ ತಿರುಗಿದರು. ಕ್ಯಾಪ್ಟನ್ ಮಾತ್ರ ಹೇಳಿದಂತೆ ನಿಂತ, ಚೆಂಡು ದಕ್ಕಿತು. ಆಮೇಲೆ ಉಳಿದವರಿಗೂ ರೂಢಿಯಾಯಿತು. ಮೀಸೆ ಚಿಗುರುತ್ತಿದ್ದ ಗಟ್ಟಿಮುಟ್ಟು ಹುಡುಗರು ಮಹಾರಾಯ್ತಿ, ತಾಯಿ, ಸಾಕಮ್ಮ ಎನ್ನಿಸಿಕೊಂಡು ಕೂಗಿದತ್ತ ಓಡುತ್ತಿದ್ದರು. ಕೋಚ್ ಬೆಂಚಿನ ಮೇಲೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ನಗುತ್ತಿದ್ದರೋ ಏನೋ, ಯಾರಿಗೂ ತಿಳಿಯಲಿಲ್ಲ. ಕೊಕ್ಕರೆ ಒಂದೂ ಗೋಲು ಬಿಡಲಿಲ್ಲ. ತಂಡ ಒಂದು ಗೋಲಿನಿಂದ ಗೆದ್ದಿತು. ಆಟ ಮುಗಿದ ಮೇಲೆ ಎದುರು ತಂಡದ ಮುಂದಾಳು ಕ್ಯಾಪ್ಟನ್ನನ ಕೈ ಕುಲುಕಿ, ಹರಕು ಮುರುಕು ಇಂಗ್ಲಿಷಿನಲ್ಲಿ, ಅಷ್ಟು ಬೈತಾನಲ್ಲ, ನಿನ್ನ ಅಣ್ಣನಾ ಎಂದು ಕೇಳಿದ. ಅಲ್ಲ, ಅಜ್ಜಿ ಎಂದ ಕ್ಯಾಪ್ಟನ್.

ಫೈನಲ್ಲಿಗೆ ಅಜ್ಜಿ ಬಂದಳು. ಜೊತೆಯವಳೊಬ್ಬಳು ಅವಳ ಪಾಳಿ ವಹಿಸಿಕೊಂಡಿದ್ದಳು. ಮೊಮ್ಮಗ ಆಡುವುದನ್ನು ಅವಳು ಎಂದೂ ನೋಡಿದವಳಲ್ಲ. ಗೋಲಿನ ಹಿಂದಿನ ಮೆಟ್ಟಿಲುಗಳಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಆಟ ಶುರುವಾಗುವ ಮುನ್ನ ಕೊಕ್ಕರೆ ತಿರುಗಿ ನೋಡಿದ. ಅವಳ ಎದುರಿಗೇ ಅವಳ ದನಿ ಹಾಕುವುದು ಹೇಗೆ? ಅವಳ ಮಾತನ್ನು ಸಾವಿರಾರು ಜನರ ಮುಂದೆ ಆಡಿ ಅಣಕಿಸಿದ ಹಾಗಾಗುವುದಿಲ್ಲವೇ? ಈ ಯೋಚನೆ ತಲೆಯಲ್ಲಿ ಕೂತಿರುವಾಗಲೇ ಆಟ ಶುರುವಾಯಿತು. ಎದುರು ತಂಡದವನೊಬ್ಬ ಕ್ಯಾಪ್ಟನ್ನನ ಬೆನ್ನ ಹಿಂದೆ ನುಸುಳಿದ್ದು ಅವನಿಗೆ ಕಂಡಿತು. ಕೂಗಲಾಗಲಿಲ್ಲ. ಚೆಂಡು ಬಲೆಗೆ ಬಿತ್ತು.

ಕ್ಯಾಪ್ಟನ್ ಅವನ ಹತ್ತಿರ ಓಡಿಬಂದ. ಮುಖ ನೋಡಿದ, ಹಿಂದೆ ಮೆಟ್ಟಿಲ ಮೇಲೆ ಕೂತವಳನ್ನೂ ನೋಡಿದ. ಅರ್ಥವಾಯಿತು.

“ನಿಮ್ಮಜ್ಜಿ ಎದುರಿಗೆ ಯಾರಿದ್ದಾರೆ ಅಂತ ನೋಡಿ ಬೈತಾರಾ?” ಎಂದು ಕೇಳಿದ.

ಕೊಕ್ಕರೆ ಇಲ್ಲವೆಂದು ತಲೆಯಾಡಿಸಿದ.

“ಮತ್ತೆ?” ಎಂದು ಹೇಳಿ ತನ್ನ ಜಾಗಕ್ಕೆ ಓಡಿದ.

ಮುಂದಿನ ಚೆಂಡು ಎತ್ತರದಿಂದ ಬಂತು. ಅದರ ಕೆಳಗೆ ಐದಾರು ತಲೆಗಳಿದ್ದವು. “ನಾನಿದ್ದೀನಿ, ಬಿಡು,” ಎಂಬ ಕೂಗು ಮೈದಾನದ ಆ ತುದಿಗೂ ಕೇಳಿಸಿತು. ಅವನ ಕಡೆಯ ತಲೆಗಳೆಲ್ಲ ಬಾಗಿದವು, ಉದ್ದ ಕೈಗಳೆರಡು ಮೇಲೆದ್ದು ಚೆಂಡನ್ನು ಕಿತ್ತುಕೊಂಡವು.

ಮೆಟ್ಟಿಲ ಮೇಲೆ ಅಜ್ಜಿ ಮೊದಲು ಯಾರು ಕರೆದರೆಂದು ಅಕ್ಕಪಕ್ಕ ನೋಡಿದಳು. ಎರಡನೆಯ ಸಲ ಕೇಳಿದಾಗ ದನಿ ಬಂದದ್ದು ಎಲ್ಲಿಂದ ಎಂದು ಗೊತ್ತಾಯಿತು. ಪಕ್ಕದ ಹೆಂಗಸು, ಅದ್ಯಾರಪ್ಪ ಆ ಹುಡುಗ, ಹೆಂಗಸರ ಹಾಗೆ ಬೈತಾನೆ ಎಂದು ನಕ್ಕಳು. ಮೊಮ್ಮಗನ ನಾಲಗೆ ಸಲೀಸಾಗಲೆಂದು ಅಜ್ಜಿ ಹೋಗದ ವೈದ್ಯರಿರಲಿಲ್ಲ, ಕುಡಿಸದ ಕಷಾಯವಿರಲಿಲ್ಲ. ತನ್ನ ಬಾಯಿಯ ಗದ್ದಲದಿಂದಲೇ ಮಗುವಿನ ಮಾತು ಹೆದರಿತೇನೋ ಎಂಬ ಅಳುಕು ಅವಳೊಳಗೆ ಎಷ್ಟೋ ವರ್ಷಗಳಿಂದ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಆ ಮಾತುಗಳು ಒಂದೊಂದೇ ಮೈದಾನದಿಂದ ತಿರುಗಿ ಬರುತ್ತಿದ್ದಂತೆ ಅವಳು ಕೈಚೀಲವನ್ನು ಎದೆಗೆ ಒತ್ತಿಕೊಂಡು, ಆಟ ಮುಗಿಯುವವರೆಗೂ ಅಳುತ್ತ ನಗುತ್ತ ಕೂತಿದ್ದಳು.

ಇನ್ನೊಂದು ಗೋಲನ್ನು ಕೊಕ್ಕರೆ ಬಿಡಲಿಲ್ಲ. ಆದರೆ ಇವರ ಕಡೆಯವರಿಗೆ ಗೋಲು ಹೊಡೆಯಲೂ ಆಗಲಿಲ್ಲ. ಆ ಒಂದು ಗೋಲಿನಿಂದಲೇ ಕಪ್ ಎದುರು ತಂಡಕ್ಕೆ ಹೋಯಿತು.

ಕೊಕ್ಕರೆ ಗೋಲಿನ ಕಂಬಕ್ಕೆ ಒರಗಿ ಕೂತುಬಿಟ್ಟ. ಕ್ಯಾಪ್ಟನ್ ಬಂದು ಪಕ್ಕದಲ್ಲಿ ಕೂತ. ಸೋತದ್ದು ತನ್ನಿಂದ ಎಂದು ಹೇಳಲು ಕೊಕ್ಕರೆ ಬಾಯಿ ತೆರೆದಾಗ ಕ್ಯಾಪ್ಟನ್, ನುಸುಳಿದವನನ್ನು ಬಿಟ್ಟದ್ದು ನನ್ನ ಬೆನ್ನು, ಅದರಲ್ಲಿ ಪಾಲು ಕೇಳಬೇಡ ಎಂದ. ಅಷ್ಟರಲ್ಲಿ ಅಜ್ಜಿ ಕಾವಲಿನವರನ್ನು ಹೇಗೋ ಒಪ್ಪಿಸಿ ಮೈದಾನಕ್ಕೆ ಇಳಿದುಬಂದಳು. ಬಂದವಳೇ ಮೊಮ್ಮಗನ ಮೊಣಕೈ ತಿರುಗಿಸಿ ನೋಡಿ, ಇಷ್ಟು ತರಚಿಕೊಂಡಿದ್ದೀಯಲ್ಲ, ಆ ಚೆಂಡಿಗೆ ಅಷ್ಟು ದೂರ ಹಾರೋ ಅಗತ್ಯ ಏನಿತ್ತು ಎಂದು ಶುರುಮಾಡಿದಳು. ಅವಳು ನೀರು ಹಾಕಿ ಗಾಯ ತೊಳೆಯುತ್ತಿದ್ದರೆ ಅವನು ತಲೆಯನ್ನು ಅವಳ ಭುಜಕ್ಕೆ ಆನಿಸಿದ.

ಅಲ್ಲಿಗೆ ಒಬ್ಬಳು ಟೀವಿ ವರದಿಗಾರ್ತಿ ಮೈಕು ಹಿಡಿದು ಬಂದಳು. ಫೈನಲ್ ಪಂದ್ಯದ ಅತ್ಯುತ್ತಮ ಆಟಗಾರ ಎಂದು ಕೊಕ್ಕರೆಯ ಹೆಸರು ಘೋಷಣೆಯಾಗಿತ್ತು, ಅವನಿಗೇ ಅದು ತಿಳಿದಿರಲಿಲ್ಲ. ಮೈದಾನದಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡುವವನು ಕ್ಯಾಮೆರಾ ಮುಂದೆಯೂ ಹಾಗೇ ಮಾತಾಡುತ್ತಾನೆಂದು ಅವಳು ನಂಬಿದ್ದಳು. ಈ ಹೊತ್ತಿನಲ್ಲಿ ಮನಸ್ಸಲ್ಲಿ ಏನಿದೆ ಎಂದು ಕೇಳಿದಳು.

“ಹ…” ಎಂದ ಕೊಕ್ಕರೆ. ಅಲ್ಲೇ ನಿಂತಿತು. ಮತ್ತೆ “ಹ…” ಎಂದ.

ಹೆಮ್ಮೆ ಆಗ್ತಿದೆ ಅಲ್ವಾ ಎಂದು ಅವಳು ವಾಕ್ಯ ಮುಗಿಸಿಕೊಡಲು ನೋಡಿದಳು. ಕ್ಯಾಪ್ಟನ್ ಮೆಲ್ಲಗೆ ಅವಳ ತೋಳು ಮುಟ್ಟಿದ.

“ನಿಲ್ಲಿ ಮೇಡಂ. ಅವನೇ ಹೇಳ್ತಾನೆ.”

ಎಲ್ಲರೂ ನಿಂತರು. ಅಜ್ಜಿ ಒದ್ದೆ ಕರವಸ್ತ್ರ ಹಿಡಿದುಕೊಂಡು ನಿಂತಳು, ಕ್ಯಾಮೆರಾದವನು ನಿಂತ, ಹತ್ತಿರ ಬಂದಿದ್ದ ಕೋಚ್ ನಿಂತರು. ಯಾರೂ ಅವನ ಬಾಯಿಯನ್ನು ನೋಡುತ್ತಿರಲಿಲ್ಲ, ಯಾರಿಗೂ ಅವಸರವಿರಲಿಲ್ಲ. ಕೊಕ್ಕರೆ ಉಸಿರೆಳೆದುಕೊಂಡ. ಈ ಸಲ ಯಾರ ದನಿಯನ್ನೂ ಹಾಕಲಿಲ್ಲ.

“ಹ… ಹಸಿವಾಗ್ತಿದೆ,” ಎಂದ.

ವರದಿಗಾರ್ತಿ ಮೈಕು ಕೆಳಗಿಳಿಸಿ ಮನಸಾರೆ ನಕ್ಕಳು. ಕೋಚ್ ಒಂದು ಕೈಯನ್ನು ಅಜ್ಜಿಗೆ ಆಸರೆಯಾಗಿ ಕೊಟ್ಟು, ಇನ್ನೊಂದರಲ್ಲಿ ಅವಳ ಚೀಲ ಎತ್ತಿಕೊಂಡರು. ಎಲ್ಲರೂ ಊಟದ ಮನೆಯ ಕಡೆ ನಡೆದರು. ದಾರಿಯಲ್ಲಿ ಕೊಕ್ಕರೆ ಕ್ಯಾಪ್ಟನ್ನನಿಗೆ ಏನೋ ಹೇಳತೊಡಗಿದ. ಬಲು ಉದ್ದದ ಮಾತು, ನಡುನಡುವೆ ತಡೆದು ನಿಲ್ಲುತ್ತಿತ್ತು. ಅದು ನಿಂತಾಗಲೆಲ್ಲ ಕ್ಯಾಪ್ಟನ್ನೂ ನಿಲ್ಲುತ್ತಿದ್ದ.